ಸಂಧಿವಾತದ ಗುಳಿಗೆ ಶುರುವಾದ ಮೇಲೆ ಕೂದಲು ಉದುರುತ್ತಿದೆ: ಗುಳಿಗೆ ಬಿಡದೆ ಇದನ್ನು ಹೇಗೆ ನಿಭಾಯಿಸಬೇಕು?

ಪ್ರಶ್ನೆ: ಜಮಖಂಡಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕೆಲವು ವರ್ಷಗಳಿಂದ ನನಗೆ ರುಮಟಾಯ್ಡ್ ಸಂಧಿವಾತವಿದೆ. ಮೊದಲು ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗೆಯನ್ನೂ ಅದರ ಜೊತೆಗೆ ಫೋಲಿಕ್ ಆಸಿಡ್ ಅನ್ನೂ ಕೊಟ್ಟಿದ್ದರು. ಅದರಿಂದ ನೋವು ಅರ್ಧಕ್ಕೆ ಇಳಿದರೂ ಬೆರಳ ಗೆಣ್ಣುಗಳ ಬಾವು ಹೋಗಲಿಲ್ಲವಾದ್ದರಿಂದ, ದೀಪಾವಳಿಯ ಸುಮಾರಿಗೆ ಲೆಫ್ಲುನೊಮೈಡ್ ಎಂಬ ಇನ್ನೊಂದು ಗುಳಿಗೆಯನ್ನು ದಿನಕ್ಕೊಂದರಂತೆ ಸೇರಿಸಿದರು. ಇದು ನಿಜವಾಗಿಯೂ ಗುಣ ಕೊಟ್ಟಿದೆ. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಬಾರದಿದ್ದ ಕೈಗಳಿಂದ ಈಗ ರೊಟ್ಟಿ ಬಡಿಯುತ್ತೇನೆ, ಸೀಮೆಸುಣ್ಣ ಹಿಡಿದು ಇಡೀ ಪ್ರಮೇಯವನ್ನು ಹಲಗೆಯ ಮೇಲೆ ಬರೆಯುತ್ತೇನೆ.

ಆದರೆ ಸಂಕ್ರಾಂತಿ ಕಳೆದ ಮೇಲೆ ಕೂದಲು ಉದುರತೊಡಗಿತು. ತಲೆಯಿಂದ ನೀರು ಹಾಕಿಕೊಂಡ ದಿನ ಬಚ್ಚಲಿನ ಜಾಲರಿ ಕಟ್ಟಿಕೊಳ್ಳುತ್ತದೆ, ದಿಂಬಿನ ಮೇಲೆ ಕೂದಲು, ತಟ್ಟೆಯಲ್ಲಿಯೂ ಕೂದಲು. ಹೆರಳಿನ ತುದಿಗೆ ರಬ್ಬರ್ ಬ್ಯಾಂಡನ್ನು ಮೂರು ಸುತ್ತು ಹಾಕಿದರೆ ಬಿಗಿಯಾಗುತ್ತಿತ್ತು, ಈಗ ಆರು ಸುತ್ತು ಹಾಕಿದರೂ ಜಾರುತ್ತದೆ. ಬೈತಲೆ ಅಗಲವಾಗಿ ನಡುನೆತ್ತಿಯ ಚರ್ಮ ಕಾಣಿಸುತ್ತಿದೆ. ಹಲಗೆಯ ಮೇಲೆ ಬರೆಯುವಾಗ ಮಕ್ಕಳಿಗೆ ಬೆನ್ನು ಮಾಡಿ ನಿಲ್ಲಲೇಬೇಕು, ಆ ಹೊತ್ತಿನಲ್ಲಿ ಅವರ ಕಣ್ಣು ನನ್ನ ನೆತ್ತಿಯ ಮೇಲೆ ಇದೆಯೆಂಬ ಯೋಚನೆಯಿಂದ ಲೆಕ್ಕವೇ ತಪ್ಪಿ ಹೋಗುತ್ತದೆ.

ಮನೆಯಲ್ಲಿ ಎಲ್ಲರೂ ಆ ಗುಳಿಗೆಯನ್ನು ಬಿಟ್ಟುಬಿಡು ಎನ್ನುತ್ತಿದ್ದಾರೆ. ನನಗೆ ಬಿಡುವ ಮನಸ್ಸಿಲ್ಲ, ಏಕೆಂದರೆ ಆ ಹಳೆಯ ಮುಂಜಾವುಗಳು ಮರಳಿ ಬರುವುದು ನನಗೆ ಬೇಡ. ಹಾಗೆಂದು ಇದನ್ನು ಸುಮ್ಮನೆ ಸಹಿಸಿಕೊಂಡಿರುವುದೂ ಆಗುತ್ತಿಲ್ಲ. ಇದು ಗುಳಿಗೆಯಿಂದಲೇ ಆಗುತ್ತಿದೆಯೇ ಎಂಬುದನ್ನು ಹೇಗೆ ತಿಳಿಯುವುದು? ಗುಳಿಗೆಯನ್ನು ಅರ್ಧ ಮಾಡಿ ನುಂಗಿದರೆ ಕಡಿಮೆಯಾಗುತ್ತದೆಯೇ? ಹೋದ ಕೂದಲು ಮತ್ತೆ ಬರುತ್ತದೆಯೇ? ಮುಂದಿನ ಭೇಟಿಗೆ ಇನ್ನೂ ಸಮಯವಿದೆ. ಹೊರರೋಗಿಗಳ ಸಾಲಿನಲ್ಲಿ ವೈದ್ಯರಿಗೆ ಸಿಗುವ ಸ್ವಲ್ಪ ಹೊತ್ತಿನಲ್ಲಿ ಕೂದಲಿನ ವಿಷಯ ಎತ್ತಲು ಸಂಕೋಚವೂ ಆಗುತ್ತದೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ: ನವನಗರ ನಿವಾಸಿ, ಬಾಗಲಕೋಟೆ

ಅಕ್ಕಾ, ಗುಳಿಗೆಯನ್ನು ದೂಷಿಸುವ ಮೊದಲು ನೀರನ್ನು ನೋಡಿ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನ ಗಡಸುತನ ನಿಮಗೆ ಗೊತ್ತೇ ಇದೆ, ಕೊಡದ ಒಳಮೈಗೆ ಬಿಳಿ ಪದರ ಕಟ್ಟುತ್ತದೆ. ನಮ್ಮ ಮನೆಯಲ್ಲಿ ಹೊಳೆಯ ನೀರಿನ ನಲ್ಲಿ ಬಂದ ಮೇಲೆ ಎಲ್ಲರ ಕೂದಲೂ ಮೆತ್ತಗಾಯಿತು.

ಉತ್ತರ: ಔಷಧ ಅಂಗಡಿ, ವಿಜಯಪುರ

ನಾನು ವಿಜಯಪುರದಲ್ಲಿ ಔಷಧ ಅಂಗಡಿ ನಡೆಸುವ ಫಾರ್ಮಸಿಸ್ಟ್. ನನ್ನ ಮಾತು ವೈದ್ಯರ ಸಲಹೆಗೆ ಬದಲಿಯಲ್ಲ, ಆದರೆ ಇದೇ ಪ್ರಶ್ನೆಯನ್ನು ಕೌಂಟರಿನ ಆಚೆ ನಿಂತು ದನಿ ತಗ್ಗಿಸಿ ಕೇಳುವವರು ಬಹಳ ಮಂದಿ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲಿಗೆ ನೀರಿನ ವಿಷಯ. ಗಡಸು ನೀರಿನಿಂದ ಕೂದಲು ಒರಟಾಗಿ ನಡುವೆ ತುಂಡಾಗುವುದುಂಟು, ಬೇರುಸಹಿತ ಕಳಚಿ ಬರುವುದು ಬೇರೆ ಸಂಗತಿ. ನೀವೇ ಒಮ್ಮೆ ನೋಡಬಹುದು. ಉದುರಿದ ಕೂದಲನ್ನು ಕಪ್ಪು ಬಟ್ಟೆಯ ಮೇಲಿಟ್ಟು ಎರಡೂ ತುದಿಗಳನ್ನು ಬೆಳಕಿನಲ್ಲಿ ಗಮನಿಸಿ. ಒಂದು ತುದಿಯಲ್ಲಿ ಸಾಸಿವೆಗಿಂತಲೂ ಸಣ್ಣದಾದ ಬಿಳಿಯ ಗುಬುಟು ಇದ್ದರೆ ಆ ಕೂದಲು ತನ್ನ ಅವಧಿ ಮುಗಿಸಿ ಬುಡದಿಂದಲೇ ಕಳಚಿದೆ ಎಂದರ್ಥ. ಗುಬುಟು ಇಲ್ಲದ ಚಿಕ್ಕ ತುಂಡುಗಳೇ ಹೆಚ್ಚಾಗಿದ್ದರೆ ಅದು ಮುರಿದ ಕೂದಲು. ಅಲ್ಲದೆ ಅದೇ ನೀರಿನಲ್ಲಿ ಮೀಯುವ ಮನೆಯ ಉಳಿದವರಿಗೆ ಏನೂ ಆಗದೆ ನಿಮಗೊಬ್ಬರಿಗೇ ಆಗುತ್ತಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ನಮ್ಮ ತಲೆಯ ಕೂದಲುಗಳಲ್ಲಿ ನೂರಕ್ಕೆ ಸುಮಾರು 85ರಿಂದ 90ರಷ್ಟು ಯಾವಾಗಲೂ ಬೆಳೆಯುವ ಹಂತದಲ್ಲಿರುತ್ತವೆ, ಈ ಹಂತ ಎರಡರಿಂದ ಆರು ವರ್ಷ ನಡೆಯುತ್ತದೆ. ಉಳಿದವು ಸುಮಾರು ಮೂರು ತಿಂಗಳ ವಿಶ್ರಾಂತಿಯಲ್ಲಿದ್ದು ಆಮೇಲೆ ಉದುರುತ್ತವೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜವೆನ್ನುವುದು ಇದರಿಂದಲೇ. ಕೆಲವು ಔಷಧಗಳು, ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ ಇವೆಲ್ಲ ಬೆಳೆಯುತ್ತಿರುವ ಕೂದಲುಗಳಲ್ಲಿ ಒಂದು ದೊಡ್ಡ ಪಾಲನ್ನು ಅವಧಿಗೆ ಮುನ್ನವೇ ವಿಶ್ರಾಂತಿಗೆ ತಳ್ಳುತ್ತವೆ. ಆ ದಿನ ಏನೂ ಕಾಣುವುದಿಲ್ಲ, ಎರಡು ಮೂರು ತಿಂಗಳ ಮೇಲೆ ಎಲ್ಲವೂ ಒಟ್ಟಿಗೇ ಕಳಚುತ್ತವೆ. ವೈದ್ಯರು ಇದನ್ನು ಟೆಲೋಜೆನ್ ಎಫ್ಲೂವಿಯಂ ಎನ್ನುತ್ತಾರೆ. ದೀಪಾವಳಿಗೆ ಸೇರಿಸಿದ ಗುಳಿಗೆಗೆ ಸಂಕ್ರಾಂತಿಯ ನಂತರ ಕೂದಲು ಉದುರಿದ್ದು ಈ ಲೆಕ್ಕಕ್ಕೆ ಸರಿಯಾಗಿಯೇ ಕೂಡುತ್ತದೆ.

ಮೆಥೊಟ್ರೆಕ್ಸೇಟ್‌ನಿಂದಲೂ ಕೂದಲು ತೆಳುವಾಗುವುದುಂಟು, ಆದರೆ ಸಂಧಿವಾತಕ್ಕೆ ಕೊಡುವ ಕಡಿಮೆ ಪ್ರಮಾಣದಲ್ಲಿ ಅದು ಹೆಚ್ಚು ಜನರಿಗೆ ಆಗುವುದಿಲ್ಲ. ಲೆಫ್ಲುನೊಮೈಡ್‌ನ ವಿಷಯ ಬೇರೆ. ಅದನ್ನು ತೆಗೆದುಕೊಳ್ಳುವ ನೂರು ಜನರಲ್ಲಿ ಸುಮಾರು ಹತ್ತು ಜನಕ್ಕೆ ಕೂದಲು ಉದುರುತ್ತದೆ, ಇದು ಅದರ ಗೊತ್ತಿರುವ ಅಡ್ಡಪರಿಣಾಮ. ಹಾಗಾಗಿ ನಿಮ್ಮ ಅನುಮಾನ ಆಧಾರವಿಲ್ಲದ್ದಲ್ಲ, ವೈದ್ಯರ ಮುಂದೆ ಹೇಳಲು ಸಂಕೋಚಪಡುವ ವಿಷಯವೂ ಅಲ್ಲ.

ಆದರೆ ಗುಳಿಗೆಯನ್ನು ನೀವೇ ಅರ್ಧ ಮಾಡುವುದು ಬೇಡ. ಲೆಫ್ಲುನೊಮೈಡ್ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ, ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿದಿರುತ್ತದೆ. ಬೇಗ ಹೊರಹಾಕಲೇಬೇಕಾದ ಸಂದರ್ಭಗಳಿಗೆ ಕೊಲೆಸ್ಟೈರಮೀನ್ ಎಂಬ ಬೇರೆ ಔಷಧವನ್ನೇ ಕೊಡಬೇಕಾಗುತ್ತದೆ. ಆದ್ದರಿಂದ ಇವತ್ತು ನೀವು ಬಿಟ್ಟರೆ ಮುಂದಿನ ವಾರ ಕೂದಲು ನಿಲ್ಲುವುದಿಲ್ಲ, ಆದರೆ ಕೀಲುಗಳ ಬಾವು ಮಾತ್ರ ಕಾಲಕ್ರಮದಲ್ಲಿ ಹೆಚ್ಚಬಹುದು, ಮತ್ತು ಬಾವಿನಿಂದ ಮೂಳೆ ಒಮ್ಮೆ ಸವೆದರೆ ಅದನ್ನು ಸರಿಪಡಿಸಲು ಬರುವುದಿಲ್ಲ. ಪ್ರಮಾಣ ಇಳಿಸುವುದು, ಬೇರೆ ಔಷಧಕ್ಕೆ ಬದಲಿಸುವುದು ಇವೆಲ್ಲ ಸಾಧ್ಯವಿರುವ ದಾರಿಗಳೇ, ಆದರೆ ಅವು ನಿಮ್ಮ ಕೀಲುಗಳನ್ನು ಮುಟ್ಟಿ ನೋಡಿ ರಕ್ತ ಪರೀಕ್ಷೆಯನ್ನು ಓದಿದವರ ಕೈಯಲ್ಲಿ ಆಗಬೇಕು.

ಭೇಟಿಯವರೆಗೆ ಕಾಯದೆ ಅಂದೇ ಹೋಗಬೇಕಾದ ಲಕ್ಷಣಗಳೂ ಇವೆ. ಬಾಯಲ್ಲಿ ಹುಣ್ಣು, ಜ್ವರ, ಕಾರಣವಿಲ್ಲದೆ ಮೈಮೇಲೆ ನೀಲಿಗಟ್ಟುವುದು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದಾದರೂ ಕೂದಲು ಉದುರುವುದರ ಜೊತೆ ಕಂಡರೆ ತಡ ಮಾಡಬೇಡಿ. ಮೆಥೊಟ್ರೆಕ್ಸೇಟ್ ವಾರಕ್ಕೊಂದೇ ದಿನ ತೆಗೆದುಕೊಳ್ಳುವ ಔಷಧ. ಮರೆತು ದಿನವೂ ನುಂಗಿದರೆ ಅದು ಜೀವಕ್ಕೇ ಅಪಾಯ, ಆದ್ದರಿಂದ ನಾನು ಪ್ರತಿಯೊಬ್ಬರಿಗೂ ಪೊಟ್ಟಣದ ಮೇಲೆ ವಾರದ ಹೆಸರನ್ನು ದೊಡ್ಡದಾಗಿ ಬರೆದೇ ಕೊಡುತ್ತೇನೆ. ಉದುರುವುದು ತಲೆಯ ತುಂಬ ಸಮನಾಗಿರದೆ ರೂಪಾಯಿಯಷ್ಟು ದುಂಡಗೆ ಬೋಳಾಗಿದ್ದರೆ, ಅಥವಾ ನೆತ್ತಿಯಲ್ಲಿ ಉರಿ, ಹೊಟ್ಟು, ಗಾಯ ಇದ್ದರೆ ಅದು ಬೇರೆ ಕಾಯಿಲೆಯಿರಬಹುದು, ಚರ್ಮರೋಗ ತಜ್ಞರು ನೋಡಬೇಕು.

ರಕ್ತ ಪರೀಕ್ಷೆಯ ಮಾತಿಗೆ ಬಂದರೆ, ನಿಮಗೆ ಹೇಗೂ ಯಕೃತ್ತಿನ ಮತ್ತು ರಕ್ತಕಣಗಳ ಪರೀಕ್ಷೆ ಆಗಾಗ ನಡೆಯುತ್ತಿರುತ್ತದೆ. ಅದರ ಜೊತೆಗೆ ಹಿಮೊಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆಯೆಂದು ತೋರಿಸುವ ಫೆರಿಟಿನ್ ಮತ್ತು ಥೈರಾಯ್ಡ್ ನೋಡಬಹುದೇ ಎಂದು ಕೇಳಿ. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ಎಷ್ಟು ಸಾಮಾನ್ಯವೆಂದರೆ, ಔಷಧವೊಂದೇ ಕಾರಣವೆಂದುಕೊಂಡು ಇದನ್ನು ಬಿಟ್ಟುಬಿಟ್ಟರೆ ಅರ್ಧ ಕಾರಣ ಹಾಗೆಯೇ ಉಳಿಯುತ್ತದೆ. ಮೈಯಲ್ಲಿ ಬಾವು ಇರುವಾಗ ಫೆರಿಟಿನ್ ಅಂಕಿ ತಾನಾಗಿಯೇ ಏರುವುದರಿಂದ ವರದಿಯಲ್ಲಿ ಸರಿಯಾಗಿ ಕಂಡರೂ ಒಳಗೆ ಕೊರತೆ ಇರಬಹುದು, ಅದನ್ನು ಬಾವಿನ ಮಟ್ಟ ತೋರಿಸುವ ಸಿಆರ್‌ಪಿ ಪರೀಕ್ಷೆಯ ಜೊತೆಗಿಟ್ಟು ವೈದ್ಯರೇ ಓದಲಿ. ಬಯೋಟಿನ್ ಎಂಬ ವಿಟಮಿನ್ ಗುಳಿಗೆಗಳನ್ನು ಕೇಳಿಕೊಂಡು ಬರುವವರು ಬಹಳ. ದೇಹದಲ್ಲಿ ಅದರ ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುತ್ತದೆ ಎನ್ನಲು ಗಟ್ಟಿಯಾದ ಆಧಾರವಿಲ್ಲ. ಮೇಲಾಗಿ ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನೇ ತಪ್ಪು ತೋರಿಸುತ್ತದೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲು ಪ್ರಯೋಗಾಲಯದವರಿಗೆ ತಿಳಿಸಿ.

ಎಣ್ಣೆ ಹಚ್ಚಿಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ, ಅದು ಕೂದಲನ್ನು ನುಣುಪಾಗಿಡುತ್ತದೆ, ಆದರೆ ಬೇರನ್ನು ಹಿಡಿದು ನಿಲ್ಲಿಸುವುದಿಲ್ಲ. ಸಂತೆಯಲ್ಲಿ ಸಿಗುವ, ಒಳಗೆ ಏನಿದೆಯೆಂದು ಬರೆಯದ ಪುಡಿಗಳನ್ನು ಮಾತ್ರ ಖಂಡಿತ ನುಂಗಬೇಡಿ. ಮೆಥೊಟ್ರೆಕ್ಸೇಟ್ ಮತ್ತು ಲೆಫ್ಲುನೊಮೈಡ್ ಎರಡೂ ಯಕೃತ್ತಿನ ಮೇಲೆ ಭಾರ ಹಾಕುವ ಔಷಧಗಳು, ಅದರ ಮೇಲೆ ಇನ್ನೊಂದು ಗೊತ್ತಿಲ್ಲದ ವಸ್ತು ಸೇರಬಾರದು.

ಕೂದಲು ಮತ್ತೆ ಬರುತ್ತದೆಯೇ ಎಂದು ಕೇಳಿದ್ದೀರಿ. ಈ ಬಗೆಯ ಉದುರುವಿಕೆಯಲ್ಲಿ ಬೇರು ಸಾಯುವುದಿಲ್ಲ. ನಿಮ್ಮ ಜಮಖಂಡಿಯ ಹೊಲಗಳಲ್ಲಿ ಕಬ್ಬು ಕಡಿದ ಮೇಲೆ ಕುಳೆ ಒಡೆಯುವ ಹಾಗೆ, ಕಾರಣ ದೂರವಾದರೆ ಅಥವಾ ಹದಕ್ಕೆ ಬಂದರೆ ಅದೇ ಬುಡದಿಂದ ಹೊಸ ಕೂದಲು ಹುಟ್ಟುತ್ತದೆ. ಆದರೆ ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಉದುರುವುದು ನಿಂತ ಮೇಲೂ ಹೆರಳು ಮೊದಲಿನ ದಪ್ಪಕ್ಕೆ ಬರಲು ಒಂದು ವರ್ಷಕ್ಕಿಂತ ಹೆಚ್ಚೇ ಹಿಡಿಯಬಹುದು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಉತ್ತರ: ಶಹಾಪುರದ ಗೃಹಿಣಿ, ಬೆಳಗಾವಿ

ತಂಗಿ, ಔಷಧದ ವಿಷಯವನ್ನು ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಕೂದಲು ಇಲ್ಲದ ತಲೆಯನ್ನು ಹೊತ್ತು ನಾಲ್ಕು ಜನರ ನಡುವೆ ಓಡಾಡುವುದರ ಬಗ್ಗೆ ನಾನು ಬರೆಯುತ್ತೇನೆ. ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ಕೆಂಪು ಔಷಧ ಎಂದು ವಾರ್ಡಿನಲ್ಲಿ ಕರೆಯುವ ಡಾಕ್ಸೊರುಬಿಸಿನ್ ಶುರುವಾದ ಮೂರನೆಯ ವಾರದೊಳಗೇ ನನ್ನ ಕೂದಲು ಗೊಂಚಲು ಗೊಂಚಲಾಗಿ ಕೈಗೆ ಬಂತು. ಕೀಮೊ ಔಷಧಗಳು ಬೆಳೆಯುತ್ತಿರುವ ಕೂದಲಿನ ಬುಡಕ್ಕೇ ನೇರವಾಗಿ ಹೊಡೆಯುವುದರಿಂದ ಅಲ್ಲಿ ಎರಡು ಮೂರು ತಿಂಗಳ ಸಮಯ ಸಿಗುವುದಿಲ್ಲ. ಉದುರುವ ಮುನ್ನ ನೆತ್ತಿ ನೋಯುತ್ತದೆ, ದಿಂಬಿಗೆ ತಲೆಯಿಟ್ಟರೂ ಚುಚ್ಚಿದಂತಾಗುತ್ತದೆ. ಮುಂದೆ ಹುಬ್ಬು, ರೆಪ್ಪೆಗಳೂ ಹೋದವು. ನಿಮ್ಮ ಸ್ಥಿತಿ ಅಷ್ಟಕ್ಕೆ ಹೋಗುವುದಿಲ್ಲ, ಆದರೂ ದುಃಖದಲ್ಲಿ ದೊಡ್ಡದು ಚಿಕ್ಕದು ಎಂದು ಅಳೆಯಬೇಡಿ. ಜೀವ ಉಳಿದಿದೆಯಲ್ಲ, ಕೂದಲಿನದೇನು ಎಂದು ನನಗೆ ಬಹಳ ಜನ ಹೇಳಿದರು. ಅವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರೂ ಆ ಮಾತು ನನ್ನ ಬಾಯಿ ಮುಚ್ಚಿಸಿತೇ ಹೊರತು ಸಮಾಧಾನ ಕೊಡಲಿಲ್ಲ.

ನಮ್ಮ ಕಡೆ ಸೆರಗು ಹೊದ್ದುಕೊಳ್ಳುವ ರೂಢಿಯಿರುವುದು ಒಂದು ಅನುಕೂಲ. ಆದರೆ ಇಳಕಲ್ ಸೀರೆಯ ರೇಷ್ಮೆಯ ಸೆರಗು ಕೂದಲಿಲ್ಲದ ತಲೆಯ ಮೇಲೆ ನಿಲ್ಲುವುದಿಲ್ಲ, ಜಾರಿ ಜಾರಿ ಬೀಳುತ್ತದೆ. ಹಳೆಯ ಹತ್ತಿಯ ರವಿಕೆ ಬಟ್ಟೆಯಿಂದ ತಲೆಗೆ ಸರಿಯಾಗುವ ಟೊಪ್ಪಿಗೆಯೊಂದನ್ನು ಹೊಲಿಸಿ ಅದರ ಮೇಲೆ ಸೆರಗು ಹೊದ್ದು ಎರಡೂ ಕಿವಿಯ ಮೇಲ್ಭಾಗದಲ್ಲಿ ಪಿನ್ ಹಾಕಿದರೆ ಇಡೀ ದಿನ ಅಲುಗಾಡುವುದಿಲ್ಲ. ಅರಿಸಿನ ಕುಂಕುಮಕ್ಕೆ ಕರೆದವರು ಮಲ್ಲಿಗೆ ಕೊಟ್ಟಾಗ ಎಲ್ಲಿ ಮುಡಿಯುವುದೆಂದು ನಾನು ಹೆದರುತ್ತಿದ್ದೆ. ಆ ಟೊಪ್ಪಿಗೆಗೇ ಹಿಂಬದಿಯಲ್ಲಿ ಒಂದು ದಾರದ ಕುಣಿಕೆ ಹೊಲಿಸಿಕೊಂಡೆ, ಹೂವಿನ ದಂಡೆ ಅದರಲ್ಲಿ ನಿಂತಿತು. ವಿಗ್ ಕೂಡ ಇತ್ತು, ಆದರೆ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ತಲೆಯ ಮೇಲೆ ಇಟ್ಟುಕೊಳ್ಳುವುದು ಕಷ್ಟ. ಮದುವೆ ಮುಂಜಿಗಷ್ಟೇ ಬಳಸಿದೆ. ವಿಗ್ ಕೊಳ್ಳುವವರು ಕೂದಲು ಪೂರ್ತಿ ಹೋಗುವ ಮೊದಲೇ ಹೋಗಿ ತಮ್ಮ ಬಣ್ಣಕ್ಕೆ ಹೊಂದಿಸಿಕೊಳ್ಳುವುದು ಮೇಲು.

ನಿಮ್ಮದು ತೆಳುವಾದ ಕೂದಲಾದ್ದರಿಂದ ನಿಮಗೆ ಇಷ್ಟೆಲ್ಲ ಬೇಕಾಗಲಾರದು. ನಡುಬೈತಲೆಯನ್ನು ಬಿಟ್ಟು ಪಕ್ಕಕ್ಕೆ ಬೈತಲೆ ತೆಗೆದು ನೋಡಿ, ನೆತ್ತಿ ಅರ್ಧ ಮುಚ್ಚುತ್ತದೆ. ಬಿಗಿಯಾಗಿ ಹೆರಳು ಹಾಕಬೇಡಿ, ಎಳೆತಕ್ಕೆ ಇನ್ನಷ್ಟು ಕೂದಲು ಹೋಗುತ್ತದೆ. ಹೆಗಲ ಮಟ್ಟಕ್ಕೆ ಕತ್ತರಿಸಿದರೆ ಭಾರ ಕಡಿಮೆಯಾಗಿ ಕೂದಲು ತುಂಬಿದಂತೆ ಕಾಣುತ್ತದೆ, ಉದುರಿದ ಒಂದೊಂದು ಎಳೆಯೂ ಗಿಡ್ಡವಾಗಿರುವುದರಿಂದ ಬಚ್ಚಲಿನಲ್ಲಿ ನೋಡಿದಾಗ ಎದೆಯೂ ಅಷ್ಟು ಝಲ್ಲೆನ್ನುವುದಿಲ್ಲ. ಅಗಲ ಹಲ್ಲಿನ ಹಣಿಗೆಯಿಂದ ಕೂದಲು ಒಣಗಿದ ಮೇಲೆ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ತಲೆ ತೊಳೆಯುವುದನ್ನು ಮುಂದೂಡಬೇಡಿ. ತೊಳೆದಾಗ ಬರುವ ಕೂದಲು ಹೇಗೂ ಕಳಚಿಕೊಂಡಿದ್ದೇ, ತಡ ಮಾಡಿದರೆ ಒಂದೇ ದಿನ ಎಲ್ಲ ಬಂದು ಇನ್ನೂ ಹೆದರಿಕೆಯಾಗುತ್ತದೆ.

ಮಕ್ಕಳ ವಿಷಯ. ನನಗೆ ಶಾಲೆಯಿಲ್ಲ, ಆದರೆ ಓಣಿಯ ಮಕ್ಕಳಿದ್ದರು. ದೊಡ್ಡವರು ಕದ್ದು ನೋಡುತ್ತಿದ್ದರೆ ಅವರು ನೇರವಾಗಿ ಕೇಳಿದರು. ಔಷಧದಿಂದ ಹೋಗಿದೆ, ಔಷಧ ಮುಗಿದರೆ ಮತ್ತೆ ಬರುತ್ತದೆ ಎಂದೆ. ಸರಿ ಎಂದು ಆಟಕ್ಕೆ ಹೋದರು. ನೀವೂ ತರಗತಿಗೆ ಒಮ್ಮೆ ಅಷ್ಟೇ ಮಾತು ಹೇಳಿಬಿಟ್ಟರೆ ಬೆನ್ನ ಹಿಂದಿನ ಕಣ್ಣುಗಳ ಭಾರ ಇಳಿಯಬಹುದು. ನನ್ನ ಕೂದಲು ಕೀಮೊ ಮುಗಿದ ಮೇಲೆ ಮರಳಿ ಬಂತು, ಮೊದಲು ಗುಂಗುರಾಗಿ ಬಂದು ಆಮೇಲೆ ನೇರವಾಯಿತು. ಕ್ಯಾನ್ಸರ್ ಮರಳದಿರಲೆಂದು ಈಗ ತೆಗೆದುಕೊಳ್ಳುತ್ತಿರುವ ಟಮಾಕ್ಸಿಫೆನ್‌ನಿಂದ ಹಿಂದಿನ ದಪ್ಪ ಬಂದಿಲ್ಲ. ಆ ಗುಳಿಗೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲ.

ಉತ್ತರ: ಗೋಕಾಕದ ಓದುಗ

ಗುಳಿಗೆ ಬಿಟ್ಟುಬಿಡು ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಕ್ಕನ ಮಗಳಿಗೆ ಫಿಟ್ಸ್ ಕಾಯಿಲೆಗೆ ಸೋಡಿಯಂ ವಾಲ್‌ಪ್ರೊಯೇಟ್ ನಡೆದಿತ್ತು. ಅದೂ ಕೂದಲು ಉದುರಿಸುವ ಔಷಧಗಳಲ್ಲಿ ಒಂದು, ಪ್ರಮಾಣ ಹೆಚ್ಚಿದಷ್ಟೂ ಉದುರುವುದು ಹೆಚ್ಚು. ವರ ನೋಡಲು ಬರುವವರಿದ್ದಾರೆ, ಕೂದಲು ಹೋದರೆ ಹೇಗೆ ಎಂಬ ಚಿಂತೆಯಲ್ಲಿ ಹುಡುಗಿ ಯಾರಿಗೂ ಹೇಳದೆ ಗುಳಿಗೆ ನಿಲ್ಲಿಸಿದಳು. ಕೆಲವೇ ದಿನಗಳಲ್ಲಿ ಒಲೆಯ ಮುಂದೆ ಫಿಟ್ಸ್ ಬಂದು ಮುಂಗೈ ಸುಟ್ಟಿತು. ಫಿಟ್ಸ್ ಔಷಧವನ್ನು ಒಮ್ಮೆಲೇ ಬಿಟ್ಟರೆ ಬಿಡದೆ ಒಂದರ ಮೇಲೊಂದು ಫಿಟ್ಸ್ ಬರುವ ಅಪಾಯವಿದೆ ಎಂದು ನರರೋಗ ತಜ್ಞರು ಆಮೇಲೆ ವಿವರಿಸಿದರು. ಅವಳ ಮನಸ್ಸಿನಲ್ಲಿದ್ದುದನ್ನು ಕೇಳಿಕೊಂಡ ಮೇಲೆ ಅವರೇ ನಿಧಾನವಾಗಿ ವಾಲ್‌ಪ್ರೊಯೇಟ್ ಇಳಿಸಿ ಲೆವೆಟಿರಾಸಿಟಾಮ್‌ಗೆ ಬದಲಿಸಿದರು. ಗರ್ಭಿಣಿಯಾದಾಗ ವಾಲ್‌ಪ್ರೊಯೇಟ್ ಮಗುವಿಗೆ ತೊಂದರೆ ಮಾಡುವುದರಿಂದ ಮದುವೆಯ ವಯಸ್ಸಿನ ಹುಡುಗಿಗೆ ಹೇಗೂ ಈ ಬದಲಾವಣೆ ಯೋಚಿಸಬೇಕಾದದ್ದೇ ಆಗಿತ್ತಂತೆ. ಅಂದರೆ ಬಾಯಿ ಬಿಟ್ಟು ಹೇಳಿದ್ದರೆ ದಾರಿ ಮೊದಲೇ ಇತ್ತು. ಮೇಡಂ, ಸಾಲು ಎಷ್ಟೇ ಉದ್ದವಿರಲಿ, ಒಂದು ಚೀಟಿಯಲ್ಲಿ ಕೂದಲು ಯಾವಾಗಿನಿಂದ ಉದುರುತ್ತಿದೆ, ಯಾವ ಗುಳಿಗೆ ಯಾವಾಗ ಸೇರಿತು ಎಂದು ಬರೆದು ವೈದ್ಯರ ಮುಂದಿಡಿ. ನಾವು ಈಗ ಹಾಗೆಯೇ ಮಾಡುತ್ತೇವೆ.

ಉತ್ತರ: ಜಮಖಂಡಿಯ ಶಿಕ್ಷಕಿ

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಚೀಟಿ ಬರೆದುಕೊಂಡು ಭೇಟಿಯ ದಿನಕ್ಕೆ ಮುನ್ನವೇ ಹೋಗಿ ಬಂದೆ. ವೈದ್ಯರು ಚೀಟಿಯನ್ನು ಪೂರ್ತಿ ಓದಿದರು, ತಲೆಯನ್ನೂ ಬೆರಳುಗಳನ್ನೂ ನೋಡಿದರು. ಬಾವು ಹತೋಟಿಯಲ್ಲಿರುವುದರಿಂದ ಲೆಫ್ಲುನೊಮೈಡ್ ಅನ್ನು 20 ಮಿಲಿಗ್ರಾಂನಿಂದ 10ಕ್ಕೆ ಇಳಿಸಿದ್ದಾರೆ, ಗೆಣ್ಣು ಮತ್ತೆ ಊದಿದರೆ ಬೇರೆ ಔಷಧ ಯೋಚಿಸೋಣ ಎಂದಿದ್ದಾರೆ. ಥೈರಾಯ್ಡ್ ಸರಿಯಿದೆ, ಆದರೆ ಹಿಮೊಗ್ಲೋಬಿನ್ ಕಡಿಮೆಯಿದ್ದು ಕಬ್ಬಿಣದ ಗುಳಿಗೆ ಬರೆದಿದ್ದಾರೆ. ನಾನು ಗುಳಿಗೆಯ ಮೇಲೆಯೇ ಎಲ್ಲ ಹೊರೆ ಹಾಕಿದ್ದೆ, ಇದು ನನ್ನ ಲೆಕ್ಕದಲ್ಲಿರಲಿಲ್ಲ. ಬೈತಲೆಯನ್ನು ಎಡಕ್ಕೆ ತೆಗೆದಿದ್ದೇನೆ, ಕೂದಲನ್ನು ಹೆಗಲಿನವರೆಗೆ ಕತ್ತರಿಸಿದ್ದೇನೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಔಷಧದ ವಿಷಯವನ್ನು ಎರಡು ಮಾತಿನಲ್ಲಿ ಹೇಳಿದೆ. ಒಬ್ಬ ಹುಡುಗಿ ತನ್ನ ತಾಯಿಗೂ ಹೀಗೆಯೇ ಆಗಿತ್ತು ಎಂದಳು, ಉಳಿದವರು ಲೆಕ್ಕಕ್ಕೆ ಮರಳಿದರು. ಶಹಾಪುರದ ಅಕ್ಕಾ, ಆ ಹತ್ತಿಯ ಟೊಪ್ಪಿಗೆಯ ಅಳತೆಯನ್ನು ಬಿಡುವಾದಾಗ ತಿಳಿಸುವಿರಾ? ನಮ್ಮ ಸಹೋದ್ಯೋಗಿಯೊಬ್ಬರಿಗೆ ಕೀಮೊ ಆರಂಭವಾಗಲಿದೆ.

ಉತ್ತರ: ಶಹಾಪುರದ ಗೃಹಿಣಿ, ಬೆಳಗಾವಿ

ಅರ್ಧ ಮೀಟರ್ ಬಟ್ಟೆ ಸಾಕು. ಹಣೆಯಿಂದ ಕಿವಿಯ ಮೇಲಾಗಿ ಹಿಂದಲೆಯವರೆಗೆ ಸುತ್ತಳತೆ ತೆಗೆದುಕೊಂಡು, ಹಿಂಬದಿಯಲ್ಲಿ ಮಾತ್ರ ಎಲಾಸ್ಟಿಕ್ ಹಾಕಿಸಲಿ, ಸುತ್ತಲೂ ಹಾಕಿದರೆ ಹಣೆಗೆ ಒತ್ತುತ್ತದೆ. ಹೊಲಿಗೆಯ ಅಂಚು ಹೊರಮೈಗೆ ಬರಲಿ, ಆ ದಿನಗಳಲ್ಲಿ ನೆತ್ತಿಯ ಚರ್ಮ ಒಂದು ದಾರದ ಗಂಟನ್ನೂ ತಾಳುವುದಿಲ್ಲ. ಕೂದಲು ಇರುವಾಗಲೇ ಹೊಲಿಸಿದರೆ ಆಮೇಲೆ ಸಡಿಲವಾಗುತ್ತದೆ, ಎಲಾಸ್ಟಿಕ್ ಬಿಗಿ ಮಾಡಿಕೊಳ್ಳಲು ತುದಿಯಲ್ಲಿ ಸ್ವಲ್ಪ ಜಾಗ ಬಿಡಲು ದರ್ಜಿಗೆ ಹೇಳಿ. ಅವರಿಗೆ ಮಾತನಾಡಬೇಕೆನಿಸಿದರೆ ಇಲ್ಲಿಯೇ ಬರೆಯಲಿ, ನಾನು ಉತ್ತರಿಸುತ್ತೇನೆ.

ಉತ್ತರ: ಔಷಧ ಅಂಗಡಿ, ವಿಜಯಪುರ

ಕಬ್ಬಿಣದ ಗುಳಿಗೆಯನ್ನು ಚಹಾ ಮತ್ತು ಹಾಲಿನ ಜೊತೆ ನುಂಗಬೇಡಿ, ಅವು ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ನಮ್ಮ ಕಡೆ ದಿನಕ್ಕೆ ಹಲವು ಬಾರಿ ಚಹಾ ಆಗುವುದರಿಂದ ಇದನ್ನು ಒತ್ತಿ ಹೇಳುತ್ತೇನೆ. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ. ಊಟದಲ್ಲಿ ಮಡಿಕೆಕಾಳು, ಹೆಸರುಕಾಳು, ಶೇಂಗಾ ಸ್ವಲ್ಪ ಹೆಚ್ಚಿರಲಿ, ಕೂದಲು ಕಟ್ಟುವುದು ಪ್ರೋಟೀನಿನಿಂದಲೇ. ಲೆಫ್ಲುನೊಮೈಡ್ ಇಳಿಸಿದ ಪರಿಣಾಮ ತಲೆಯ ಮೇಲೆ ಕಾಣಲು ಕೆಲವು ತಿಂಗಳು ಬೇಕು, ಅಲ್ಲಿಯವರೆಗೆ ಉದುರುವುದು ಮುಂದುವರಿದರೂ ಗುಳಿಗೆ ಇಳಿಸಿದ್ದು ವ್ಯರ್ಥವಾಯಿತು ಎಂದುಕೊಳ್ಳಬೇಡಿ. ಈ ಔಷಧ ಕೆಲವರಲ್ಲಿ ರಕ್ತದೊತ್ತಡವನ್ನೂ ಏರಿಸುತ್ತದೆ, ಹಾಗಾಗಿ ಯಕೃತ್ತಿನ ಪರೀಕ್ಷೆಗೆ ಹೋದ ದಿನ ಬಿಪಿಯನ್ನೂ ನೋಡಿಸಿಕೊಳ್ಳಿ.